ಕಾರ್ಡಿನ ಪ್ರಕಾರ ನಾನು ಬಡಗಿ

ಇತ್ತೀಚೆಗೆ ನನಗೊಂದು ದುರಭ್ಯಾಸ ಅಂಟಿಕೊಂಡಿದೆ: ಮನುಷ್ಯರನ್ನು ಕಂಡೊಡನೆ ಮನಸ್ಸಿನಲ್ಲೇ ಅಂಕ ಹಾಕುವುದು. ಮಸ್ಕತ್ತಿನ ಅಲ್ ಖುವೈರ್ ಬಡಾವಣೆಯ ನಮ್ಮ ಕಚೇರಿಯ ಲಿಫ್ಟಿನಲ್ಲಿ ಬೆಳಗ್ಗೆ ಏಳೆಂಟು ಜನ ಒಬ್ಬರ ಮುಖ ಒಬ್ಬರು ನೋಡದಂತೆ ಶಿಸ್ತಾಗಿ ನಿಂತಿರುತ್ತೇವಲ್ಲ, ಐದನೆಯ ಮಹಡಿ ಬರುವುದರೊಳಗೆ ನಾನು ಎಲ್ಲರ ಮೌಲ್ಯಮಾಪನ ಮುಗಿಸಿರುತ್ತೇನೆ. ಮೂಲೆಯಲ್ಲಿ ಫೋನು ತೀಡುತ್ತಿರುವ ಹುಡುಗಿಗೆ ವಯಸ್ಸಿನ ಬಾಬ್ತು ಪೂರ್ಣಾಂಕ. ಟೈ ಕಟ್ಟಿದ ಮಹಾಶಯರಿಗೆ ಇಂಗ್ಲಿಷಿನಲ್ಲಿ ಪರವಾಗಿಲ್ಲ, ಆದರೆ ಕಿವಿಯ ಪಕ್ಕದ ನರೆ ಅವರನ್ನು ಮುಳುಗಿಸುತ್ತದೆ. ಗುಂಡಿ ಒತ್ತುವ ನೆಪದಲ್ಲಿ ಎಲ್ಲರನ್ನೂ ತಳ್ಳುವ ಲೆಕ್ಕಪರಿಶೋಧಕರಿಗೆ ಸಂಸ್ಕಾರದಲ್ಲಿ ಸೊನ್ನೆಯಾದರೂ ಆ ವಿಷಯ ಪಠ್ಯದಲ್ಲೇ ಇಲ್ಲವಾದ್ದರಿಂದ ಬಚಾವು. ಮುಂದೆಂದಾದರೂ ನೀವು ಎದುರು ಸಿಕ್ಕರೆ ನಿಮಗೂ ಹಾಕುತ್ತೇನೆ, ಬೇಸರಿಸಬೇಡಿ.

ಈ ಚಟದ ಮೂಲ ಒಂದು ಶೀತಲ ದೇಶ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ಅದಕ್ಕೂ ಅಂಕ ಕಡಿಯಬಹುದೆಂಬ ಭಯ ನನಗಿನ್ನೂ ಹೋಗಿಲ್ಲ. ಆ ದೇಶಕ್ಕೆ ನುರಿತ ಕೆಲಸಗಾರರು ಬೇಕು. ಬೇಕೆಂದು ಬಾಯಿಬಿಟ್ಟು ಕರೆದರೆ ಅಗ್ಗವಾದೀತೆಂದು ಅದು ಒಂದು ಕೋಷ್ಟಕ ಮಾಡಿ ಅಂತರ್ಜಾಲದ ಗೋಡೆಗೆ ನೇತುಹಾಕಿದೆ. ಪ್ರಾಯಕ್ಕಿಷ್ಟು, ಪದವಿಗಿಷ್ಟು, ಇಂಗ್ಲಿಷಿಗಿಷ್ಟು, ಅನುಭವಕ್ಕಿಷ್ಟು, ಹೆಂಡತಿಗಿಷ್ಟು. ಎಲ್ಲವನ್ನೂ ಕೂಡಿ ಗೆರೆ ದಾಟಿದವರು ಸುಸ್ವಾಗತಾರ್ಹರು, ಉಳಿದವರು ಶುಭ ಹಾರೈಕೆಗೆ ಅರ್ಹರು. ಮನುಷ್ಯನನ್ನು ಅಳೆಯುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ನಮ್ಮ ಕಡೆ ಗಂಡು ಹೆಣ್ಣು ನೋಡುವ ಶಾಸ್ತ್ರಕ್ಕೆ ಅಷ್ಟೊಂದು ಉಪ್ಪಿಟ್ಟು ಕೇಸರಿಬಾತು ಖರ್ಚಾಗುತ್ತಿರಲಿಲ್ಲ.

ಹದಿನೆಂಟು ವರ್ಷ ಮಸ್ಕತ್ತಿನ ಬಿಸಿಲು ಕುಡಿದವನಿಗೆ ಹಿಮದ ಮೇಲೆ ಮೋಹ ಯಾಕೆ ಬಂತು ಎಂದು ನೀವು ಕೇಳಬಹುದು. ಇಲ್ಲಿ ನಮ್ಮ ಬದುಕು ಎರಡೆರಡು ವರ್ಷದ ಕಂತುಗಳಲ್ಲಿ ನವೀಕರಣಗೊಳ್ಳುತ್ತದೆ. ಎಷ್ಟು ಕಂತು ಕಳೆದರೂ ನಾವು ಅತಿಥಿಗಳೇ. ಈಗ ನನ್ನಂಥವರ ಹುದ್ದೆಗಳು ಈ ದೇಶದ ಮಕ್ಕಳಿಗೇ ಮೀಸಲಾಗಲಿವೆ ಎಂಬ ಸುದ್ದಿ ಕಚೇರಿಯ ಚಹಾದ ಹೊತ್ತಿನಲ್ಲಿ ದಿನವೂ ಸುಳಿಯುತ್ತಿದೆ. ಅವರ ಊರು, ಅವರ ಮಕ್ಕಳು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನನಗೆ ಆಗ ನಲವತ್ತನಾಲ್ಕು, ಮಗಳು ಹತ್ತನೆಯ ತರಗತಿ, ಮೈಸೂರಿನಲ್ಲಿ ಈ ಪ್ರಾಯದಲ್ಲಿ ನನ್ನನ್ನು ಕೆಲಸಕ್ಕೆ ಕರೆಯುವವರು ಯಾರೂ ಇಲ್ಲ. ಮುಂದಿನ ನವೀಕರಣ ಆಗದಿದ್ದರೆ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಊಟದ ಮೇಜಿನ ಮೇಲೆ ಉಪ್ಪಿನಕಾಯಿಯ ಪಕ್ಕದಲ್ಲೇ ಕೂತಿರುತ್ತಿತ್ತು. ನಲವತ್ತೈದಾದರೆ ಆ ದೇಶ ಪ್ರಾಯಕ್ಕೆ ಕೊಡುವುದು ಸೊನ್ನೆ. ನನ್ನ ಹುಟ್ಟಿದ ಹಬ್ಬಕ್ಕೆ ಉಳಿದಿದ್ದು ಮೂರೇ ತಿಂಗಳು.

ಹಾಗಾಗಿ ಸಲಹೆಗಾರ್ತಿಯ ಮೊರೆ ಹೊಕ್ಕೆ. ಉಡುಪಿ ಕಡೆಯ ಕೊಂಕಣಿ ಹೆಣ್ಣುಮಗಳು, ಲವೀನಾ ಎಂದು ಹೆಸರು, ವೀಸಾ ಅರ್ಜಿಗಳನ್ನು ತುಂಬಿಸಿಕೊಡುವ ಪುಟ್ಟ ಕಚೇರಿ. ನಾನು ಕುರ್ಚಿಯಲ್ಲಿ ಕೂರುವ ಮೊದಲೇ ಆಕೆ ನನ್ನ ಜನ್ಮದಿನಾಂಕ ನೋಡಿ, ಹಣ್ಣಿನಂಗಡಿಯವನು ಕೊಳೆತ ಪಪ್ಪಾಯಿಯನ್ನು ಒತ್ತಿ ನೋಡುವಂತೆ ಮುಖ ಮಾಡಿದಳು. "ಸರ್, ನೀವು ಒಂದು ಹತ್ತು ವರ್ಷ ಮುಂಚೆ ಬರ್ಬೇಕಿತ್ತು," ಎಂದಳು. ಹತ್ತು ವರ್ಷದ ಹಿಂದೆ ಆಕೆ ಬಹುಶಃ ಶಾಲೆಯಲ್ಲಿದ್ದಳು. "ಒಂದೊಂದು ಬರ್ತ್‌ಡೇಗೂ ಪಾಯಿಂಟ್ಸ್ ಹೋಗ್ತಾ ಉಂಟು. ಬೇಗ ಬೇಗ ಮಾಡುವ." ಅಂದಿನಿಂದ ನನಗೆ ನನ್ನ ಆಯುಸ್ಸಿನ ಮೇಲೇ ಸಿಟ್ಟು ಬಂದಿದೆ. ನೂರು ಕಾಲ ಬಾಳು ಎಂದು ಯಾರಾದರೂ ಹರಸಿದರೆ ಅಂಕ ಕಡಿಯುವ ಶಾಪದಂತೆ ಕೇಳಿಸುತ್ತದೆ.

ಆಮೇಲೆ ಹೆಂಡತಿಯ ಪ್ರಕರಣ. ಲವೀನಾ ಕೊಟ್ಟ ಕೋಷ್ಟಕದಲ್ಲಿ 'ಸಂಗಾತಿ ಜೊತೆಗೆ ಬರುತ್ತಾರೆಯೇ' ಎಂಬ ಪ್ರಶ್ನೆಯಿತ್ತು. ಹೌದು ಎಂದರೆ ನನ್ನ ಅಂಕ ಇಳಿಯುತ್ತದೆ, ಇಲ್ಲ ಎಂದರೆ ಏರುತ್ತದೆ. ಮನೆಯಲ್ಲಿ ಕುತೂಹಲಕ್ಕೆಂದು ಎರಡೂ ಒತ್ತಿ ನೋಡುತ್ತಿದ್ದಾಗ ಬೆನ್ನ ಹಿಂದೆ ಮಾಲಿನಿ ನಿಂತಿರುವುದು ನನಗೆ ಗೊತ್ತಾಗಲಿಲ್ಲ. "ನಾನು ಬರದೆ ಇದ್ರೆ ಎಷ್ಟು ಜಾಸ್ತಿ?" ಎಂದು ಬಹಳ ಮೃದುವಾಗಿ ಕೇಳಿದಳು. ಮೃದುವಾಗಿ ಕೇಳಿದಾಗಲೇ ಅಪಾಯ. ಒಂದು ವಾರ ನಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆ ಬೀಳಲಿಲ್ಲ. ಹತ್ತೊಂಬತ್ತು ವರ್ಷದ ದಾಂಪತ್ಯಕ್ಕೆ ಋಣಾತ್ಮಕ ಬೆಲೆ ಕಟ್ಟಿದ ಆ ಯಂತ್ರವನ್ನು ಬಿಟ್ಟು ಆಕೆ ಅದನ್ನು ಒತ್ತಿದ ಬೆರಳನ್ನೇ ಯಾಕೆ ದಂಡಿಸಿದಳೆಂಬುದು ನನಗೆ ಈಗಲೂ ಅರ್ಥವಾಗಿಲ್ಲ ಎಂದು ಬರೆದರೆ ಸುಳ್ಳಾದೀತು.

ಇಂಗ್ಲಿಷ್ ಪರೀಕ್ಷೆಯ ಅಧ್ಯಾಯವನ್ನು ಬೇಗ ಮುಗಿಸುತ್ತೇನೆ. ಇಷ್ಟು ವರ್ಷ ಮಲಯಾಳಿ, ಬಂಗಾಳಿ, ಪಠಾಣ, ಅರಬ ಎಲ್ಲರಿಗೂ ತಿಳಿಯುವಂತೆ ಕ್ರಿಯಾಪದಗಳನ್ನು ಕಿತ್ತೆಸೆದು ಮಾತಾಡಿದ ಇಂಗ್ಲಿಷ್ ನನ್ನದು. ಪರೀಕ್ಷಕಿ ಒಂದು ಚೀಟಿ ಕೊಟ್ಟು, ನಿಮ್ಮ ಬಾಲ್ಯದ ಒಂದು ಆಟಿಕೆಯ ಬಗ್ಗೆ ಎರಡು ನಿಮಿಷ ಮಾತಾಡಿ ಎಂದರು. ನನ್ನ ಬಾಲ್ಯದಲ್ಲಿ ಸೈಕಲ್ಲಿನ ಹಳೆಯ ಟೈರೊಂದನ್ನು ಬಿಟ್ಟರೆ ಆಟಿಕೆ ಎಂಬುದಿರಲಿಲ್ಲ. ಆದರೂ ಆ ಟೈರನ್ನು ಎರಡು ನಿಮಿಷ ಓಡಿಸಿ, ಏದುಸಿರು ಬಿಡುತ್ತ ನಿಲ್ಲಿಸಿ, ಅಭ್ಯಾಸಬಲದಿಂದ 'ಖಲಾಸ್' ಎಂದುಬಿಟ್ಟೆ. ಆಕೆ ನಕ್ಕರು. ಅಂಕ ಚೆನ್ನಾಗಿಯೇ ಬಂತು.

ಇನ್ನು ಉಳಿದಿದ್ದು ಅನುಭವ. ಅದರಲ್ಲಿ ನನಗೆ ಹೆದರಿಕೆಯೇ ಇರಲಿಲ್ಲ, ಏಕೆಂದರೆ ಅನುಭವ ಬಿಟ್ಟರೆ ನನ್ನಲ್ಲಿ ಬೇರೇನೂ ಇಲ್ಲ. ಕಟ್ಟಡಗಳ ಒಳಗಿನ ಮರದ ಕೆಲಸ ಮಾಡುವ ಕಂಪೆನಿ ನಮ್ಮದು. ನಾನು ಅಲ್ಲಿ ಎಸ್ಟಿಮೇಟರ್. ಒಂದು ಬಾಗಿಲು ಕೂರಿಸಲು ಬಡಗಿಗೆ ಎಷ್ಟು ಗಂಟೆ, ಒಂದು ಬೀರುವಿಗೆ ಎಷ್ಟು ದಿನ ಎಂದು ಹವಾನಿಯಂತ್ರಿತ ಕೊಠಡಿಯಲ್ಲಿ ಕೂತು ಅಂಕೆ ಹಾಕಿ ಟೆಂಡರು ತುಂಬುವವನು. ಉಳಿ ಹಿಡಿದವನಲ್ಲ, ಹಿಡಿದವರನ್ನು ಕೋಷ್ಟಕಕ್ಕೆ ಇಳಿಸಿದವನು. ಈ ಸಾಲನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ, ಇರಲಿ.

ಲವೀನಾ ನನ್ನ ರೆಸಿಡೆಂಟ್ ಕಾರ್ಡು ಕೇಳಿದಳು. ಇಲ್ಲಿ ವಾಸಿಸುವ ಪರದೇಶಿಗಳ ಜೇಬಿನಲ್ಲಿ ಸದಾ ಇರಬೇಕಾದ ಗುರುತಿನ ಚೀಟಿ ಅದು. ಹೆಸರಿನ ಕೆಳಗೆ ವೃತ್ತಿ ಬರೆದಿರುತ್ತದೆ. ನನ್ನದರಲ್ಲಿ ಹದಿನೆಂಟು ವರ್ಷದಿಂದಲೂ ಅಚ್ಚಾಗಿರುವುದು 'ಬಡಗಿ' ಎಂದು. ಗಲ್ಫಿನಲ್ಲಿ ಇದ್ದವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಕಂಪೆನಿಗೆ ಇಂತಿಂಥ ವೃತ್ತಿಯ ಇಷ್ಟಿಷ್ಟೇ ಜನರನ್ನು ಕರೆಸಲು ಅನುಮತಿ ಸಿಗುತ್ತದೆ. ನಾನು ಬಂದ ವಾರ ಉಳಿದಿದ್ದವು ಎರಡೇ, ಒಂದು ಬಡಗಿಯದು, ಇನ್ನೊಂದು ಗುಮಾಸ್ತನದು. ಆ ವಾರ ಬಂದವರೂ ಇಬ್ಬರೇ, ನಾನು ಮತ್ತು ಕಾರ್ಕಳದ ಸದಾಶಿವ ಆಚಾರ್ಯರು. ಆಚಾರ್ಯರು ಹುಟ್ಟು ಬಡಗಿ, ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಉಳಿ ಹಿಡಿದವರು. ಕಂಪೆನಿಯ ಪರವಾಗಿ ಸರ್ಕಾರಿ ಕಚೇರಿ ಸುತ್ತುವ ಪ್ರತಿನಿಧಿ, ಇಲ್ಲಿನ ಭಾಷೆಯಲ್ಲಿ ಮಂದೂಬ್, ಖಮೀಸ್ ಎಂಬ ಸಜ್ಜನರು ನಮ್ಮಿಬ್ಬರ ಪಾಸ್‌ಪೋರ್ಟುಗಳನ್ನು ಒಟ್ಟಿಗೆ ಒಯ್ದು, ಕೈಗೆ ಮೊದಲು ಬಂದ ನನ್ನನ್ನು ಬಡಗಿಯನ್ನಾಗಿಯೂ ಆಚಾರ್ಯರನ್ನು ಗುಮಾಸ್ತನನ್ನಾಗಿಯೂ ಮಾಡಿ ತಂದರು. ಅದಲುಬದಲಾಗಿದೆ ಎಂದು ನಾನು ಕಂಗಾಲಾಗಿ ಹೇಳಿದಾಗ ಅವರು ನನ್ನ ಭುಜ ತಟ್ಟಿ, "ಮಾಫಿ ಮುಷ್ಕಿಲ್! ಕಾರ್ಡ್ ಕಾರ್ಡ್, ಶುಗಲ್ ಶುಗಲ್," ಎಂದರು, ತೊಂದರೆ ಏನಿಲ್ಲ, ಕಾರ್ಡು ಬೇರೆ, ಕೆಲಸ ಬೇರೆ ಎಂದು. ವೇದಾಂತದಲ್ಲಿ ಇದನ್ನೇ ಬಹಳ ಸುತ್ತಿಬಳಸಿ ಹೇಳುತ್ತಾರೆ.

ಒಮ್ಮೆ ಮಾತ್ರ ಕಾರ್ಮಿಕ ಇಲಾಖೆಯ ತಪಾಸಣೆ ಬರುತ್ತದೆಂಬ ಸುದ್ದಿಗೆ ನಮ್ಮ ಮ್ಯಾನೇಜರರು ಆಚಾರ್ಯರನ್ನು ವರ್ಕ್‌ಶಾಪಿನಿಂದ ಕರೆಸಿ ನನ್ನ ಕುರ್ಚಿಯಲ್ಲಿ ಕೂರಿಸಿ, ನನ್ನ ಕೈಗೆ ಅಳತೆಪಟ್ಟಿ ಕೊಟ್ಟು ಒಂದು ಬೀರುವಿನ ಪಕ್ಕ ನಿಲ್ಲಿಸಿದ್ದರು. ನಾನು ಆ ಬೀರುವನ್ನು ಒಂದು ಗಂಟೆಯಲ್ಲಿ ಹನ್ನೆರಡು ಸಲ ಅಳೆದೆ. ಪ್ರತಿ ಸಲವೂ ಬೇರೆ ಅಳತೆ ಬಂತು. ಆಚಾರ್ಯರು ಕೈಕಟ್ಟಿ ಕೂತು ಕಂಪ್ಯೂಟರನ್ನು ಮುಟ್ಟದೆ ನೋಡುತ್ತಿದ್ದರು. ತಪಾಸಣೆಯವರು ನಮ್ಮ ಮಹಡಿಗೆ ಬರಲೇ ಇಲ್ಲ. ಆಮೇಲೆ ಇಬ್ಬರೂ ನಮ್ಮ ನಮ್ಮ ಕೆಲಸಕ್ಕೆ ಮರಳಿದೆವು.

ಈಗ ಲವೀನಾಳ ಮೇಜಿನ ಮೇಲೆ ಆ ಕಾರ್ಡು ಬಿದ್ದಾಗ ನಾನು ನಕ್ಕು ಈ ಕತೆಯೆಲ್ಲ ಹೇಳಿದೆ. ಆಕೆ ನಗಲಿಲ್ಲ. "ಸರ್, ಅವರು ಕತೆ ಕೇಳುದಿಲ್ಲ. ಕಾರ್ಡಲ್ಲಿ ಎಂತ ಉಂಟೋ ಅದೇ ನಿಮ್ಮ ಕೆಲಸ. ಎಸ್ಟಿಮೇಟರ್ ಅಂತ ಹಾಕಿದ್ರೆ ಎಕ್ಸ್‌ಪೀರಿಯೆನ್ಸ್ ಪ್ರೂವ್ ಆಗುದಿಲ್ಲ." ಆಕೆ ಸ್ವಲ್ಪ ಹೊತ್ತು ಕೀಲಿಮಣೆ ಕುಟ್ಟಿ, ತಟ್ಟನೆ ಮುಖ ಅರಳಿಸಿ ಪರದೆಯನ್ನು ನನ್ನತ್ತ ತಿರುಗಿಸಿದಳು. "ಆದ್ರೆ ನೋಡಿ, ಅಲ್ಲಿ ಕಾರ್ಪೆಂಟರ್‌ಗೆ ಭಾರಿ ಶಾರ್ಟೇಜ್! ಆ ಲೆಕ್ಕದಲ್ಲಿ ಹಾಕಿದ್ರೆ ನೀವು ಪಾಸು, ಸರ್."

ಓದುಗರೇ, ನನ್ನ ಸ್ಥಿತಿಯನ್ನು ಊಹಿಸಿ. ಪದವಿಯಿದೆ, ಇಂಗ್ಲಿಷಿದೆ, ಒಂದು ಸಾರ್ವಭೌಮ ರಾಷ್ಟ್ರವು ಒಂಬತ್ತು ಸಲ ಮುದ್ರೆಯೊತ್ತಿದ ಬಡಗಿತನವಿದೆ. ಇಲ್ಲದಿರುವುದು ಬಡಗಿಯ ಕೈ ಒಂದೇ, ಮತ್ತು ಅದಕ್ಕೆ ಪ್ರತ್ಯೇಕ ಅಂಕವಿಲ್ಲ. ಮಾಡಿದ ಕೆಲಸದ ಕೆಲವು ಫೋಟೋ, ವಿಡಿಯೋದಲ್ಲಿ ಒಂದು ಸಂದರ್ಶನ, ಮೇಲ್ವಿಚಾರಕನ ರುಜುವಿರುವ ಒಂದು ಪತ್ರ, ಇಷ್ಟಾದರೆ ಸಾಕಂತೆ. ಸುಳ್ಳು ಹೇಳುತ್ತಿದ್ದೇನೆಂದು ಅನ್ನಿಸದಷ್ಟು ದಾಖಲೆಗಳು ನನ್ನ ಬಳಿ ಇದ್ದವು. ಮನೆಯಲ್ಲಿ ಹೇಳಿದಾಗ ಮಾಲಿನಿ, "ಮನೇಲಿ ಒಂದು ಮೊಳೆ ಹೊಡೀರಿ ಅಂದ್ರೆ ವಾಚ್‌ಮನ್ ಕರೀತೀರಲ್ಲ," ಎಂದಳು. ಮಗಳು ಪುಸ್ತಕದಿಂದ ತಲೆಯೆತ್ತದೆ, "ಅಪ್ಪಾ, ದಟ್ಸ್ ಚೀಟಿಂಗ್," ಎಂದಳು. ಅಂಥ ಪ್ರಾಮಾಣಿಕ ಮಗಳ ಭವಿಷ್ಯಕ್ಕಾಗಿಯೇ ನಾನು ಈ ಅಪ್ರಾಮಾಣಿಕತೆಗೆ ಇಳಿಯುತ್ತಿರುವುದೆಂದು ವಿವರಿಸಲು ಹೊರಟವನು ಅರ್ಧದಲ್ಲೇ ಆಕೆಯ ಗಣಿತದ ಅಂಕ ವಿಚಾರಿಸಿದೆ.

ಮರುದಿನ ಶುಕ್ರವಾರ, ರಜೆ. ಬೌಷರ್ ಕಡೆಯ ನಮ್ಮ ವರ್ಕ್‌ಶಾಪಿಗೆ ಹೋಗಿ ಆಚಾರ್ಯರನ್ನು ಕಂಡು ಬಡಗಿ ಕೆಲಸ ಕಲಿಸಿಕೊಡಿ ಎಂದೆ. ಅವರು ಪಕ್ಕದ ಕೋಣೆಯಲ್ಲೇ ವಾಸ. ರಜಾದಿನವೂ ಯಾವುದಾದರೊಂದು ಮರದ ತುಂಡನ್ನು ಸವರುತ್ತಾ ಕೂತಿರುವವರು. "ಎಷ್ಟು ಸಮಯ ಉಂಟು?" ಎಂದು ಕೇಳಿದರು. ಆರು ವಾರ ಎಂದೆ. ಅವರು ನಗುವುದೋ ಬೇಡವೋ ಎಂದು ನನ್ನ ಮುಖ ನೋಡಿ, ಬೇಡವೆಂದು ತೀರ್ಮಾನಿಸಿ, ನನ್ನ ಕೈಗೆ ಗರಗಸ ಕೊಟ್ಟರು.

ಆರು ಶುಕ್ರವಾರಗಳ ವೃತ್ತಾಂತವನ್ನು ವಿಸ್ತರಿಸಿದರೆ ನನ್ನ ಮರ್ಯಾದೆಗೆ ಕುಂದು. ನಾನು ಗೆರೆ ಎಳೆದಲ್ಲಿ ಗರಗಸ ಹೋಗುತ್ತಿರಲಿಲ್ಲ, ಗರಗಸ ಹೋದಲ್ಲಿಗೆ ನಾನು ಆಮೇಲೆ ಗೆರೆ ಎಳೆಯುತ್ತಿದ್ದೆ. ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ ಇನ್ನೊಂದರ ಕಂಡಿಯಲ್ಲಿ ಕೂರಿಸುವ ಜೋಡಣೆಯಿದೆಯಲ್ಲ, ಆಚಾರ್ಯರು ಅದನ್ನು ಮಾಡಿದರೆ ಒಳಗೆ ಗಾಳಿಯೂ ನುಸುಳದು. ನಾನು ಮಾಡಿದ ಕಂಡಿಯಲ್ಲಿ ನಾಲಿಗೆಯ ಜೊತೆಗೆ ನನ್ನ ಬೆರಳೂ ಹೋಗಿ ಬರುತ್ತಿತ್ತು. ಈ ಕೆಲಸಕ್ಕೆ ನಾನು ಟೆಂಡರುಗಳಲ್ಲಿ ಹಾಕುತ್ತಿದ್ದುದು ಇಪ್ಪತ್ತು ನಿಮಿಷ. ಅದನ್ನು ಹೇಳಿದಾಗ ಆಚಾರ್ಯರು, "ಓ, ಆ ಇಪ್ಪತ್ತು ನಿಮಿಷ ಬರೆದದ್ದು ನೀವಾ?" ಎಂದು ಕೇಳಿ ಮರದ ಹೊಟ್ಟು ಊದಿದರು. ಆರನೆಯ ಶುಕ್ರವಾರದ ಹೊತ್ತಿಗೆ ಒಂದು ಸ್ಟೂಲು ಸಿದ್ಧವಾಯಿತು. ನಾಲ್ಕು ಕಾಲಿನದು, ಒಂದು ಸಲಕ್ಕೆ ಮೂರು ನೆಲಕ್ಕೆ ತಾಗುತ್ತಿದ್ದವು.

ಅದರ ಫೋಟೋ ತೆಗೆದು, ಲವೀನಾ ಬರೆದುಕೊಟ್ಟ ಪತ್ರವನ್ನು ವರ್ಕ್‌ಶಾಪಿನ ಮೇಲ್ವಿಚಾರಕರೂ ಆದ ಆಚಾರ್ಯರ ಮುಂದಿಟ್ಟೆ. ಇಂಗ್ಲಿಷಿನಲ್ಲಿದ್ದುದರಿಂದ ನಾನೇ ಕನ್ನಡದಲ್ಲಿ ಓದಿ ಹೇಳಬೇಕಾಯಿತು: ಇವರು ಹದಿನೆಂಟು ವರ್ಷದಿಂದ ನನ್ನ ಕೈಕೆಳಗೆ ನುರಿತ ಬಡಗಿಯಾಗಿ ದುಡಿದಿದ್ದಾರೆ, ಇವರ ಕೌಶಲಕ್ಕೆ ನಾನು ಸಾಕ್ಷಿ. ಓದುತ್ತ ಓದುತ್ತ ನನ್ನ ದನಿ ಸಣ್ಣದಾಯಿತು. ಆಚಾರ್ಯರು ಪೆನ್ನು ಮುಟ್ಟದೆ ಸ್ಟೂಲನ್ನು ತಿರುಗಿಸಿ ಅದರ ಅಡಿ ನೋಡಿದರು.

"ಸರ್, ನೀವು ನನ್ನತ್ರ ಬೇರೆ ಎಂತ ಬೇಕಾದ್ರೂ ಕೇಳಿ. ಇದಕ್ಕೆ ಮಾತ್ರ ನನ್ನ ಕೈ ಬರುದಿಲ್ಲ."

"ಇದು ಬರೀ ಪೇಪರ್ ಅಷ್ಟೇ ಆಚಾರ್ರೇ. ಅಲ್ಲಿ ಹೋದ್ಮೇಲೆ ನಾನು ಬೇರೆ ಕೆಲಸ ನೋಡ್ಕೋತೀನಿ," ಎಂದೆ.

"ಅದು ನಿಮಗೆ ಗೊತ್ತು, ನನಗೆ ಗೊತ್ತು. ಅವರು ನಿಮ್ಮನ್ನು ಬಡಗಿ ಅಂತಲೇ ಕರೆಯುದಲ್ವಾ? ನಾಳೆ ಯಾರದ್ದಾದ್ರೂ ಮನೆ ಮಾಡಿಗೆ ಪಕ್ಕಾಸು ಕೂರಿಸ್ಲಿಕ್ಕೆ ಹೇಳಿದ್ರೆ? ಆ ಮನೆಯವರು ಎಂತ ಪಾಪ ಮಾಡಿದ್ದಾರೆ ಮಾರಾಯ್ರೆ?"

ನನಗೆ ಸಿಟ್ಟು ಬಂತು. ಎಂಥ ಸಿಟ್ಟೆಂದರೆ, ಕಂಡರಿಯದ ಹಿಮದೇಶದ ಯಾರದೋ ಛಾವಣಿಯ ಜಂತೆಗಳ ಬಗ್ಗೆ ಇರುವ ಕನಿಕರ ಹದಿನೆಂಟು ವರ್ಷ ಜೊತೆಗಿದ್ದ ನನ್ನ ಮೇಲೆ ಇಲ್ಲವಲ್ಲ ಎಂದು. ಪತ್ರ ಮಡಚಿ ಹೊರಟುಬಂದೆ. ಇಡೀ ಆ ದೇಶದ ವಲಸೆ ಇಲಾಖೆ ತನ್ನ ಕೋಷ್ಟಕಗಳೊಂದಿಗೆ ಹಿಡಿಯಲಾಗದ ನನ್ನನ್ನು ಏಳನೆಯ ಕ್ಲಾಸಿನ ಒಬ್ಬ ಮನುಷ್ಯ ಸ್ಟೂಲು ಮಗುಚಿ ಹಿಡಿದಿದ್ದ. ಅಷ್ಟು ಅವಮಾನ ನನಗೆ ಬಹುಕಾಲದಿಂದ ಆಗಿರಲಿಲ್ಲ, ಮತ್ತು ಆ ಅವಮಾನದಲ್ಲಿ ನ್ಯಾಯವಿತ್ತು.

ಬೇರೆ ಯಾರಿಂದಾದರೂ ರುಜು ಹಾಕಿಸಬಹುದಿತ್ತು. ಲವೀನಾ ಅದನ್ನೂ ಸೂಚಿಸಿದಳು. ಒಲ್ಲೆನೆಂದೆ, ಧರ್ಮಬುದ್ಧಿಯಿಂದಲೋ, ಆಚಾರ್ಯರಿಗೆ ಗೊತ್ತಾದೀತೆಂಬ ಅಂಜಿಕೆಯಿಂದಲೋ ಹೇಳಲಾರೆ. ಹುಟ್ಟಿದ ಹಬ್ಬದ ಹಿಂದಿನ ದಿನ ಎಸ್ಟಿಮೇಟರ್ ಎಂದೇ ಅರ್ಜಿ ಹಾಕಿದೆ. ಕೆಲವು ವಾರಗಳ ಮೇಲೆ, ನನ್ನ ಕಂಪೆನಿಯ ಪತ್ರಕ್ಕೂ ಕಾರ್ಡಿಗೂ ವೈರುಧ್ಯ ಕಂಡುಬಂದಿರುವುದರಿಂದ ಅನುಭವವನ್ನು ಪರಿಗಣಿಸಲಾಗಿಲ್ಲವೆಂದು ಬಹಳ ವಿನಯದ ಉತ್ತರ ಬಂತು. ಸತ್ಯ ಹೇಳಿದ್ದಕ್ಕೆ ಸೊನ್ನೆ. ಮಾಲಿನಿ ಆ ಸಂಜೆ ಸಾರಿಗೆ ಇಂಗು ಹಾಕಿ ಒಗ್ಗರಣೆ ಕೊಟ್ಟು, "ಹೋಗ್ಲಿ ಬಿಡಿ," ಎಂದಳು. ಆಕೆಯ ಕಣ್ಣು ಮಾತ್ರ ಮಗಳ ಕೋಣೆಯ ಬಾಗಿಲ ಮೇಲಿತ್ತು. ಅದೇ ತಿಂಗಳು ಖಮೀಸ್ ನನ್ನ ಕಾರ್ಡನ್ನು ಹೇಗೋ ಇನ್ನೆರಡು ವರ್ಷಕ್ಕೆ ನವೀಕರಿಸಿ ತಂದರು. ಅಷ್ಟು ದಿನ ನಾನು ಬಡಗಿಯೇ.

ಆಚಾರ್ಯರ ಕಣ್ಣು ತಪ್ಪಿಸಿ ಓಡಾಡಿದ್ದು ಸಾಕೆನಿಸಿ ಒಂದು ಶುಕ್ರವಾರ ವರ್ಕ್‌ಶಾಪಿಗೆ ಹೋದೆ. ಅವರು ಏನೂ ಆಗಿಲ್ಲವೆಂಬಂತೆ ಚಹಾ ಕೊಟ್ಟರು. ನನ್ನ ಅರ್ಜಿಯ ಗತಿ ಹೇಳಿದೆ. ಚ್ಚುಚ್ಚು ಎಂದರು, ನಿಜವಾದ ಬೇಸರದಿಂದಲೇ. ಆಮೇಲೆ ಸ್ವಲ್ಪ ಸಂಕೋಚಪಟ್ಟು, ಅಂಗಿಗೆ ಕೈಯೊರಸಿಕೊಳ್ಳುತ್ತಾ ಕೇಳಿದರು: "ಅಲ್ಲಿ ಬಡಗಿಗಳು ಬೇಕು ಅಂತ ಹೇಳಿದ್ರಲ್ಲ. ಸುಮ್ಮನೆ, ಗಮ್ಮತ್ತಿಗೆ, ನನಗೆ ಎಷ್ಟು ಬರ್ತದೆ ನೋಡ್ತೀರಾ?"

ಗಮ್ಮತ್ತಿಗಲ್ಲ ಎಂದು ಅವರ ಮುಖ ಹೇಳುತ್ತಿತ್ತು. ಫೋನು ತೆರೆದು ಒಂದೊಂದೇ ತುಂಬಿದೆ. ಪ್ರಾಯ ಐವತ್ತೆರಡು, ಸೊನ್ನೆ. ಶಾಲೆ ಏಳನೆಯ ಕ್ಲಾಸು, ಸೊನ್ನೆ. ಇಂಗ್ಲಿಷ್ ಪರೀಕ್ಷೆ ಬರೆದಿಲ್ಲ, ಸೊನ್ನೆ. ಅನುಭವದ ಕಾಲಂ ಬಂದಾಗ ಅವರ ಕಾರ್ಡು ಕೇಳಿ ತೆಗೆದುಕೊಂಡು, ಅದರಲ್ಲಿದ್ದುದನ್ನೇ ತುಂಬಿದೆ. ಲವೀನಾ ಕಲಿಸಿದ ಪಾಠ, ನಾನು ಮರೆತಿರಲಿಲ್ಲ. ಒಟ್ಟು ಬಂತು.

"ಎಷ್ಟು?" ಎಂದರು.

ಹೆಚ್ಚು ಹೇಳಿಬಿಡೋಣವೆನ್ನಿಸಿತು. ಆದರೆ ಅವರೆದುರು ಇನ್ನೊಂದು ಸುಳ್ಳಿಗೆ ನನಗೆ ಧೈರ್ಯವಿರಲಿಲ್ಲ. "ಹನ್ನೊಂದು," ಎಂದೆ.

ಅವರು ಮನಸಾರೆ ನಕ್ಕರು. "ಹನ್ನೊಂದು ಬಂತಲ್ಲ, ಸಾಕು! ಶಾಲೆಯಲ್ಲಿ ನನಗೆ ಅಷ್ಟೂ ಬರ್ತಿರ್ಲಿಲ್ಲ." ನಗು ನಿಂತ ಮೇಲೆ ತಮ್ಮ ಎರಡೂ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. "ಆ ಹನ್ನೊಂದು ನನ್ನ ಮರದ ಕೆಲಸಕ್ಕೆ ಅಲ್ವಾ?"

ನಾನು ಪರದೆಯನ್ನು ಮತ್ತೊಮ್ಮೆ ನೋಡಿದೆ.

"ಅಲ್ಲ ಆಚಾರ್ರೇ," ಎಂದೆ. "ಗುಮಾಸ್ತಗಿರಿಗೆ."